ವಿದೇಶದಲ್ಲಿ ಸಂಶೋಧನೆಗೆ ಹಣ: ಹುಡುಕಾಟ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ. ತುಂಗಭದ್ರಾ ತೀರದ ಪ್ರಾಚೀನ ನೆಲೆಗಳನ್ನು ಕುರಿತು ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿದ್ದೇನೆ. ವಿದೇಶದಲ್ಲಿ ಕೆಲಕಾಲ ಸಂಶೋಧನೆ ಮಾಡಲು ಅಥವಾ ಓದಲು ನಮ್ಮಂಥವರಿಗೆ ಹಣಕಾಸಿನ ನೆರವು ಸಿಗುತ್ತದೆಯೇ? ಎಲ್ಲಿ ಹುಡುಕಬೇಕು?

ಉತ್ತರ: ಕೊಪ್ಪಳ, ರಾಯಚೂರು, ಬಳ್ಳಾರಿಗಳಿಂದ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಬಹುಪಾಲು ಜನ ಮೊದಲು ದೇಶವನ್ನು ಆರಿಸಿಕೊಂಡು ಆಮೇಲೆ ಹಣ ಹುಡುಕಲು ಹೊರಡುತ್ತಾರೆ. ಆ ಕ್ರಮವೇ ತಿರುಗುಮುರುಗು. ಕೊಡುವವರು ಒಂದು ನಿರ್ದಿಷ್ಟ ಕೆಲಸಕ್ಕೆ ಕೊಡುತ್ತಾರೆ. ಪೂರ್ಣ ಪದವಿಗೆ ಕೊಡುವವರು ಬೇರೆ, ಕೆಲವು ತಿಂಗಳ ಸಂಶೋಧನೆಗೆ ಕೊಡುವವರು ಬೇರೆ, ಬೋಧನೆಗೆ ಕೊಡುವವರು ಬೇರೆ. ಆದ್ದರಿಂದ ನಿಮ್ಮ ಸಂಶೋಧನಾ ಪ್ರಶ್ನೆಯಲ್ಲಿ ಆಸಕ್ತಿ ಇರುವವರು ಯಾರು ಎಂಬುದನ್ನು ಮೊದಲು ಕಂಡುಕೊಳ್ಳಬೇಕು.

ಈ ವಿಷಯದಲ್ಲಿ ನಿಮ್ಮ ಭಾಗದವರಿಗೆ ಒಂದು ಅನುಕೂಲವಿದೆ, ಅದನ್ನು ಅವರೇ ಗಮನಿಸಿರುವುದಿಲ್ಲ. ರಾಯಚೂರು ಜಿಲ್ಲೆಯ ಪಿಕ್ಲಿಹಾಳದಲ್ಲಿ 1950ರ ದಶಕದಲ್ಲೇ ಬ್ರಿಟನ್ನಿನ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಉತ್ಖನನ ನಡೆಸಿದರು; ಕೊಪ್ಪಳ ಜಿಲ್ಲೆಯ ಕಡೇಬಾಕೆಲೆಯಲ್ಲಿ ಅಮೆರಿಕದ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಕೆಲಸ ಮಾಡಿದರು; ಬಳ್ಳಾರಿ ಪಕ್ಕದ ಸಂಗನಕಲ್ಲಿಗೆ ನಮ್ಮ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಅವರೊಡನೆ ಬ್ರಿಟನ್ನಿನ ವಿದ್ವಾಂಸರೂ ಬಂದರು. ಅಂದರೆ ನಿಮ್ಮೂರಿನ ಮಣ್ಣಿನ ಮೇಲೆ ಹೊರಗಿನ ಹಣ ಹಿಂದೆಯೇ ಖರ್ಚಾಗಿದೆ. ಇಂಥ ತಂಡಗಳು ಪ್ರಕಟಿಸಿದ ಲೇಖನಗಳಲ್ಲಿ ಸಾಮಾನ್ಯವಾಗಿ ಎಲ್ಲರೂ ಹಾರಿಸಿಬಿಡುವ ಕೃತಜ್ಞತೆಯ ಪ್ಯಾರಾ ಒಂದಿರುತ್ತದೆ, ಹಣ ಕೊಟ್ಟವರ ಹೆಸರು ಇರುವುದು ಅಲ್ಲಿಯೇ. ನಿಮ್ಮ ವಿಷಯದ ಹತ್ತಿಪ್ಪತ್ತು ಲೇಖನಗಳ ಆ ಪ್ಯಾರಾಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ, ಯಾವ ಏಜೆಂಟನೂ ಕೊಡಲಾಗದ ಪಟ್ಟಿ ನಿಮ್ಮ ಕೈಯಲ್ಲಿರುತ್ತದೆ.

ಪಿಎಚ್.ಡಿ. ವಿದ್ಯಾರ್ಥಿಯಾಗಿ ನೀವು ನೋಡಬೇಕಾದ ದಾರಿಗಳಲ್ಲಿ ಮೊದಲನೆಯದು ಫುಲ್‌ಬ್ರೈಟ್–ನೆಹರೂ ಡಾಕ್ಟರಲ್ ಸಂಶೋಧನಾ ಫೆಲೋಶಿಪ್. ಭಾರತದಲ್ಲಿ ನೋಂದಾಯಿತರಾದವರು 6ರಿಂದ 9 ತಿಂಗಳು ಅಮೆರಿಕದ ವಿಶ್ವವಿದ್ಯಾಲಯದಲ್ಲಿದ್ದು, ಹಿಂದಿರುಗಿ ಇಲ್ಲಿಯೇ ಪದವಿ ಮುಗಿಸಲು ಇದು ನೆರವಾಗುತ್ತದೆ. ಮಾನವಶಾಸ್ತ್ರ ಮತ್ತು ಪುರಾತತ್ವಕ್ಕೆ ಹತ್ತಿರವಾದ ಪ್ರಶ್ನೆಯಿದ್ದರೆ ನ್ಯೂಯಾರ್ಕಿನ ವೆನ್ನರ್–ಗ್ರೆನ್ ಫೌಂಡೇಶನ್ ಇದೆ. ಅದರ ಕ್ಷೇತ್ರಕಾರ್ಯದ ಅನುದಾನಕ್ಕೆ ರಾಷ್ಟ್ರೀಯತೆಯ ನಿರ್ಬಂಧವಿಲ್ಲ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ವೇಯರ್ ಆಗಿದ್ದ ಕಾಲಿನ್ ಮೆಕೆಂಜಿಯ ಸಂಗ್ರಹದ ದಾಖಲೆಗಳು, ರೇಖಾಚಿತ್ರಗಳು ಇವೆ. ಇಂಥವನ್ನು ಕೆಲವು ವಾರ ಕುಳಿತು ನೋಡಲು ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟಿನ ಅಲ್ಪಾವಧಿ ಅನುದಾನ ತಕ್ಕುದಾಗಿದೆ.

ಸರ್ಕಾರಿ ಯೋಜನೆಗಳಲ್ಲಿ ಒಂದು ಎಚ್ಚರ ಬೇಕು. ಪರಿಶಿಷ್ಟ ಜಾತಿ, ಅಲೆಮಾರಿ ಮತ್ತು ಅರೆ ಅಲೆಮಾರಿ ಸಮುದಾಯಗಳು, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಕುಟುಂಬಗಳಿಗೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಕುಟುಂಬದ ವಾರ್ಷಿಕ ಆದಾಯದ ಮಿತಿ 8 ಲಕ್ಷ ರೂಪಾಯಿ, ವಯೋಮಿತಿ 35 ವರ್ಷ. ಆದರೆ ಇದು ವಿದೇಶದಲ್ಲಿ ಸ್ನಾತಕೋತ್ತರ ಅಥವಾ ಪಿಎಚ್.ಡಿ. ಪದವಿಯನ್ನೇ ಪಡೆಯುವವರಿಗೆ. ಅಲ್ಲದೆ 2022ರ ಮಾರ್ಗಸೂಚಿಯು ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತ ಕುರಿತ ಸಾಮಾಜಿಕ ಅಧ್ಯಯನದ ವಿಷಯಗಳನ್ನು ಹೊರಗಿಟ್ಟಿತು. ಹಿರೇಬೆಣಕಲ್ಲಿನ ಶಿಲಾಸಮಾಧಿಗಳ ಮೇಲೆ ಕೆಲಸ ಮಾಡುವವರಿಗೆ ಆ ಬಾಗಿಲು ಮುಚ್ಚಿತು; ಅದೇ ಊರಿನ ಕೃಷಿ ಪದವೀಧರ ಸಿಂಧನೂರು, ಗಂಗಾವತಿಯ ಗದ್ದೆಗಳಲ್ಲಿ ಸವಳು ಏರುವುದನ್ನು ಅಧ್ಯಯನ ಮಾಡಿದರೆ ತೆರೆದಿರುತ್ತದೆ. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ, ಆದರೆ ಅರ್ಜಿ ಬರೆಯುವ ಮೊದಲೇ ತಿಳಿದಿರಬೇಕು. ವಿದೇಶ ವ್ಯಾಸಂಗಕ್ಕೆ ನೆರವು ನೀಡುವ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ವಿದ್ಯಾರ್ಥಿಗಳು ಪ್ರತ್ಯೇಕವಾಗಿ ನೋಡಬೇಕು.

ವಿದೇಶದಲ್ಲಿ ಪದವಿಯನ್ನೇ ಪಡೆಯಬೇಕೆನ್ನುವ ನಿಮ್ಮ ಸಹೋದ್ಯೋಗಿಗಳಿಗೂ ಒಂದು ಮಾತು. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಸ್ನಾತಕೋತ್ತರ ಪದವಿಗೆ. ಅದು ಕೇಳುವ ಎರಡು ವರ್ಷದ ಅನುಭವವನ್ನು 2,800 ಗಂಟೆಗಳೆಂದು ಲೆಕ್ಕ ಹಾಕುತ್ತದೆ, ಅರೆಕಾಲಿಕ ಕೆಲಸವನ್ನೂ ಒಪ್ಪುತ್ತದೆ. ವಾರಕ್ಕೆ 15 ಗಂಟೆ, ವರ್ಷಕ್ಕೆ 40 ವಾರ ಪಾಠ ಮಾಡಿದವರಿಗೆ ಆ ಮೊತ್ತ ಐದನೆಯ ವರ್ಷದಲ್ಲಿ ತುಂಬುತ್ತದೆ. ಫುಲ್‌ಬ್ರೈಟ್–ನೆಹರೂ ಸ್ನಾತಕೋತ್ತರ ಫೆಲೋಶಿಪ್ ಮಾತ್ರ ಮೂರು ವರ್ಷದ ಪೂರ್ಣಾವಧಿ ಅನುಭವ ಬೇಡುವುದರಿಂದ ಅತಿಥಿ ಉಪನ್ಯಾಸಕರು ಅಲ್ಲಿ ಎಡವುತ್ತಾರೆ. ಯುರೋಪಿನ ಎರಾಸ್ಮಸ್ ಮುಂಡಸ್ ಜಂಟಿ ಸ್ನಾತಕೋತ್ತರ ಕೋರ್ಸುಗಳಲ್ಲಿ ವಿದ್ಯಾರ್ಥಿವೇತನ ತಿಂಗಳಿಗೆ 1,400 ಯೂರೊ. ಅಮೆರಿಕದಲ್ಲಿ ಪಿಎಚ್.ಡಿ.ಗೆ ಸೇರುವವರಿಗೆ ಹೊರಗಿನ ವಿದ್ಯಾರ್ಥಿವೇತನಕ್ಕಿಂತ ವಿಭಾಗವೇ ಕೊಡುವ ಬೋಧನಾ ಅಥವಾ ಸಂಶೋಧನಾ ಸಹಾಯಕ ಹುದ್ದೆ ಮುಖ್ಯ; ಶುಲ್ಕ ವಿನಾಯಿತಿಯೂ ಸಂಭಾವನೆಯೂ ಸಾಮಾನ್ಯವಾಗಿ ಅದರೊಂದಿಗೇ ಬರುತ್ತವೆ.

ಬೋಧನೆಗಾಗಿ ಹೋಗುವವರಿಗೆ ದಾರಿಗಳು ಕಡಿಮೆ. ಕಾಯಂ ಅಧ್ಯಾಪಕರಿಗೆ ಫುಲ್‌ಬ್ರೈಟಿನಲ್ಲಿ ಬೋಧನೆ, ಸಂಶೋಧನೆ ಎರಡನ್ನೂ ಕೂಡಿಸುವ ಫೆಲೋಶಿಪ್ ಇದೆ.

ಎಲ್ಲಕ್ಕೂ ಕಾಲ ಬೇಕು. ಎರಾಸ್ಮಸ್ ಮುಂಡಸ್ ಅರ್ಜಿಗಳು ಬಹುತೇಕ ಅಕ್ಟೋಬರ್–ಜನವರಿಯಲ್ಲಿ ಮುಗಿಯುತ್ತವೆ, ಕೋರ್ಸು ಮುಂದಿನ ಸೆಪ್ಟೆಂಬರ್ ಹೊತ್ತಿಗೆ. ಇತರ ಹಲವು ಫೆಲೋಶಿಪ್‌ಗಳಿಗೂ ಒಂದು ವರ್ಷ ಮುಂಚೆಯೇ ಸಿದ್ಧರಾಗಬೇಕು. ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್‌ನ ಅಂಕ ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುವುದರಿಂದ ತೀರಾ ಮುಂಚೆ ಬರೆಯುವುದೂ ನಷ್ಟ. ನಾನು ಒಮ್ಮೆ ಎಲ್ಲವನ್ನೂ ಸಿದ್ಧಪಡಿಸಿ, ಕೆಲಸ ಮಾಡುತ್ತಿದ್ದ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದಾಗಲೇ ಕೊನೆಯ ದಿನಾಂಕ ಕಳೆದುಹೋದದ್ದನ್ನು ನೋಡಿದ್ದೇನೆ. ಶಿಫಾರಸು ಪತ್ರ ಬರೆಯುವ ಗುರುಗಳಿಗೂ ಕನಿಷ್ಠ ಆರು ವಾರ ಮೊದಲೇ ಹೇಳಿರಿ, ಜೊತೆಗೆ ನಿಮ್ಮ ಸಂಶೋಧನಾ ಪ್ರಸ್ತಾವವನ್ನೂ ಕೊಡಿರಿ. ಇಲ್ಲವಾದರೆ ‘ಶ್ರಮಜೀವಿ, ಸುಶೀಲ’ ಎಂಬ ಎರಡು ಸಾಲಿನ ಪತ್ರ ಸಿಗುತ್ತದೆ.

ಇನ್ನು ನಿಮ್ಮ ಕೆಲಸದ ಮಾತು. ಅತಿಥಿ ಉಪನ್ಯಾಸಕರಿಗೆ ಕಾಯಂ ಅಧ್ಯಾಪಕರಂತೆ ಅಧ್ಯಯನ ರಜೆಯಿಲ್ಲ. ಒಂಬತ್ತು ತಿಂಗಳು ಹೋಗಿ ಬಂದರೆ ಅದೇ ಕಾಲೇಜಿನಲ್ಲಿ ಅದೇ ತರಗತಿ ಕಾದಿರುತ್ತದೆ ಎಂಬ ಭರವಸೆಯೂ ಇಲ್ಲ. ಹೀಗಾಗಿ ಮೊದಲ ಪ್ರಯತ್ನಕ್ಕೆ ಎರಡು ಸೆಮಿಸ್ಟರುಗಳ ನಡುವಿನ ಬಿಡುವಿನಲ್ಲಿ ಮುಗಿಸಬಹುದಾದ ಲಂಡನ್ನಿನ ಅಲ್ಪಾವಧಿ ಅನುದಾನವನ್ನೇ ನಾನು ಸೂಚಿಸುತ್ತೇನೆ. ಅಲ್ಲಿ ನೋಡಬೇಕಾದ ದಾಖಲೆಗಳ ಸಂಖ್ಯೆಗಳನ್ನು ಲೈಬ್ರರಿಯ ಕ್ಯಾಟಲಾಗಿನಿಂದಲೇ ಗುರುತಿಸಿ ಪ್ರಸ್ತಾವದಲ್ಲಿ ಸೇರಿಸಿರಿ.