ಅಡಿಕೆ ಸುಲಿಯಲು ಕೂತರೆ ಕಾಲು ಜೋಮು ಹಿಡಿಯುತ್ತದೆ, ಯಾಕೆ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಕೊಯ್ಲು ಶುರುವಾದರೆ ರಾತ್ರಿ ಊಟ ಆದ ಮೇಲೂ ಅಡಿಕೆ ಸುಲಿಯಲಿಕ್ಕೆ ಕೂರುತ್ತೇನೆ. ಮುಕ್ಕಾಲು ಗಂಟೆ ಆಗುವುದರೊಳಗೆ ಎಡಗಾಲು ಜೋಮು ಹಿಡಿಯುತ್ತದೆ. ಎದ್ದರೆ ಪಾದ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಆಮೇಲೆ ಇರುವೆ ಹರಿದ ಹಾಗೆ ಜುಮುಜುಮು. ರಕ್ತ ಓಡಾಡುವುದು ನಿಂತೇ ಹೋಗ್ತದಾ? ನಮ್ಮ ಅತ್ತೆ ನರದ ವೀಕ್ನೆಸ್ ಅಂತಾರೆ, ಟಾನಿಕ್ ತಗೋ ಅಂತಾರೆ. ತಗೊಳ್ಳಲಾ?

ಉತ್ತರ: ನೀವು ಬರೆದಿದ್ದು ನೋಡಿದರೆ ಕಾಲಿಗೆ ರಕ್ತ ನಿಂತಿಲ್ಲ. ನರ ವೀಕ್ ಆಗಿರುವ ಲಕ್ಷಣವೂ ಇಲ್ಲ. ಮಂಡಿಯ ಹೊರಬದಿಯಲ್ಲಿ ಒಂದು ನರ ಮೂಳೆಗೂ ನೆಲಕ್ಕೂ ನಡುವೆ ಸಿಕ್ಕಿಕೊಳ್ಳುತ್ತಿದೆ, ಅಷ್ಟೇ. ಆ ಜಾಗ ಯಾವುದು ಅಂತ ಒಮ್ಮೆ ಕೈಯಲ್ಲೇ ಮುಟ್ಟಿ ನೋಡಿಬಿಟ್ಟರೆ ಮುಂದಿನದ್ದೆಲ್ಲ ಸುಲಭ.

ಕುರ್ಚಿಯ ಮೇಲೆ ಕೂತು ಮಂಡಿ ಮಡಚಿ. ಮಂಡಿಚಿಪ್ಪಿನಿಂದ ಹೊರಬದಿಗೆ ಕೈ ಸರಿಸಿ, ಸ್ವಲ್ಪ ಕೆಳಗೆ ಬನ್ನಿ. ನೆಲ್ಲಿಕಾಯಿಯಷ್ಟು ಗಾತ್ರದ ಗಟ್ಟಿ ಉಬ್ಬು ಸಿಗುತ್ತದೆ. ಅದು ಫಿಬುಲಾ ಅನ್ನುವ ಮೂಳೆಯ ತಲೆ. ಅದರಿಂದ ಒಂದು ಬೆರಳು ಕೆಳಗೆ, ಮೂಳೆ ಸಣ್ಣದಾಗುವ ಕಡೆ, ಬೆರಳನ್ನು ಹಿಂದೆ ಮುಂದೆ ಮೆಲ್ಲಗೆ ಉರುಳಿಸಿ. ಸಪೂರ ಇರುವವರಿಗೆ ದಪ್ಪ ದಾರದಂಥದ್ದು ಬೆರಳಿನಡಿ ಜಾರಿದ್ದು ಗೊತ್ತಾಗುತ್ತದೆ. ಪಾದದ ಮೇಲ್ಭಾಗಕ್ಕೆ ಝುಂ ಅಂದರೆ ನರ ಸಿಕ್ಕಿತು ಅಂತಲೇ ಅರ್ಥ. ಜಾಸ್ತಿ ಒತ್ತಬೇಡಿ.

ಈ ನರ ಬರುವ ದಾರಿ ದೊಡ್ಡದು. ಬೆನ್ನುಹುರಿ ಸೊಂಟದ ಮೊದಲನೇ ಅಥವಾ ಎರಡನೇ ಮೂಳೆಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳ ಬೇರುಗಳು ಇಳಿದು, ಕೆಳಬೆನ್ನಿನಿಂದ ಹೊರಬಂದು, ಪೃಷ್ಠದಲ್ಲಿ ಒಂದಾಗುತ್ತವೆ. ಅದೇ ಸಯಾಟಿಕ್ ನರ, ನಮ್ಮ ಮೈಯಲ್ಲೇ ಅತಿ ದಪ್ಪದ ನರ. ಒಂದು ಬೆರಳಿನಷ್ಟು ಅಗಲ ಇರುತ್ತದೆ. ತೊಡೆಯ ಹಿಂಭಾಗದಲ್ಲಿ ಮಾಂಸಖಂಡಗಳ ನಡುವೆ ಆಳದಲ್ಲಿ ಇಳಿಯುವುದರಿಂದ ಅಲ್ಲಿ ಅದಕ್ಕೆ ಒಳ್ಳೆಯ ರಕ್ಷಣೆ ಇದೆ. ಮಂಡಿಯ ಹಿಂದೆ, ಸ್ವಲ್ಪ ಮೇಲೆ, ಎರಡಾಗುತ್ತದೆ. ಒಂದು ಕವಲು ನೇರ ಮೀನಖಂಡದ ಒಳಗೆ ಹೋಗುತ್ತದೆ. ಇನ್ನೊಂದು ಹೊರಗೆ ಬಂದು, ಫಿಬುಲಾದ ಕುತ್ತಿಗೆಯನ್ನು ಸುತ್ತಿ, ಕಾಲಿನ ಮುಂಭಾಗಕ್ಕೆ ಬರುತ್ತದೆ. ಸುತ್ತುವ ಆ ಜಾಗದಲ್ಲಿ ಮೇಲೆ ಮಾಂಸವೇ ಇಲ್ಲ. ಚರ್ಮ, ಒಂದು ತೆಳು ಪದರ, ಕೆಳಗೆ ಸೀದಾ ಮೂಳೆ. ಇಷ್ಟು ಮುಖ್ಯವಾದ ನರ ಇಷ್ಟು ಬಯಲಲ್ಲಿ ಹಾದುಹೋಗುವ ಜಾಗ ಕಾಲಿನಲ್ಲಿ ಇನ್ನೊಂದಿಲ್ಲ.

ಫಿಬುಲಾ ಬಗ್ಗೆ ಒಂದು ಮಾತು. ಮಂಡಿಯಿಂದ ಕೆಳಗೆ ಕಾಲಿನಲ್ಲಿರುವ ಎರಡು ಮೂಳೆಗಳಲ್ಲಿ ಇದು ಸಣ್ಣದು. ಮೈಯ ಭಾರದಲ್ಲಿ ಬಹುಪಾಲನ್ನು ಹೊರುವುದು ಪಕ್ಕದ ಟಿಬಿಯಾ. ಹಾಗಾಗಿ ಬಾಯಿ ಕ್ಯಾನ್ಸರ್ ಆಗಿ ದವಡೆ ಮೂಳೆ ತೆಗೆಸಿಕೊಂಡವರಿಗೆ ಇದೇ ಫಿಬುಲಾದ ತುಂಡಿನಿಂದ ಹೊಸ ದವಡೆ ಕಟ್ಟುತ್ತಾರೆ. ಅಷ್ಟು ತೆಗೆದರೂ ಮನುಷ್ಯ ನಡೆದಾಡುತ್ತಾನೆ. ಎಲೆ, ಅಡಿಕೆ, ಹೊಗೆಸೊಪ್ಪು ಬಾಯಲ್ಲೇ ಇಟ್ಟುಕೊಳ್ಳುವ ನಮ್ಮ ಊರುಗಳಲ್ಲಿ ಈ ಸಂಗತಿ ಗೊತ್ತಿರಬೇಕು.

ಈಗ ನೀವು ಕೂರುವ ರೀತಿಗೆ ಬರೋಣ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತವರು ಸಾಮಾನ್ಯವಾಗಿ ಒಂದು ಕಾಲಲ್ಲಿ ಕತ್ತಿಯ ಮಣೆ ಒತ್ತಿ ಹಿಡಿದು, ಇನ್ನೊಂದನ್ನು ಮಡಚಿ ನೆಲಕ್ಕೆ ಹಾಕಿರುತ್ತಾರೆ. ಮಡಚಿದ ಕಾಲಿನ ಹೊರಬದಿ, ಅಂದರೆ ಸರಿಯಾಗಿ ಆ ನರದ ಜಾಗವೇ, ಸಿಮೆಂಟು ನೆಲಕ್ಕೆ ತಾಗುತ್ತದೆ. ನಿಮಗೆ ಪ್ರತಿ ಸಲವೂ ಎಡಗಾಲೇ ಜೋಮು ಹಿಡಿಯುತ್ತದೆ ಅಂದರೆ ನೀವು ಮಡಚುವುದು ಎಡಗಾಲು ಇರಬೇಕು, ನೋಡಿಕೊಳ್ಳಿ. ಚಕ್ಕಳಮಕ್ಕಳ ಹಾಕಿ ರಾತ್ರಿಯಿಡೀ ಯಕ್ಷಗಾನ ನೋಡುವವರಿಗೂ ಇದೇ ಕತೆ. ಕುಕ್ಕರಗಾಲಲ್ಲಿ ಕೂತರೆ ನೆಲ ತಾಗುವುದಿಲ್ಲ, ಆದರೆ ಮಂಡಿ ಪೂರ್ತಿ ಮಡಚಿರುವುದರಿಂದ ನರ ಬಿಗಿದು ಮೂಳೆಗೆ ಒತ್ತುತ್ತದೆ. ಬಸ್ಸಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರೆ ಮೇಲಿನ ಕಾಲಿನ ನರ ಕೆಳಗಿನ ಕಾಲಿನ ಮಂಡಿಚಿಪ್ಪಿಗೆ ಒತ್ತುತ್ತದೆ. ಇನ್ನು ತೀರಾ ಗಿಡ್ಡ ಮಣೆಯ ಅಂಚಿನಲ್ಲಿ ಕೂರುವವರಿಗೆ ಮೇಲೆ, ಪೃಷ್ಠದಲ್ಲೇ ಸಯಾಟಿಕ್ ನರಕ್ಕೆ ಒತ್ತು ಬೀಳುತ್ತದೆ. ಅವರಿಗೆ ತೊಡೆಯ ಹಿಂಭಾಗದಿಂದಲೇ ಜೋಮು.

ಹಾಗಾದರೆ ರಕ್ತದ ಮಾತು ಪೂರ್ತಿ ಸುಳ್ಳಾ? ಅಲ್ಲ. ನರಕ್ಕೂ ರಕ್ತ ಬೇಕು. ಅದರ ಮೈಮೇಲೆ, ಒಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ಬಿಪಿ ಅಳೆಯುವ ಲೆಕ್ಕದಲ್ಲೇ ಹೇಳುವುದಾದರೆ, ನರದ ಮೇಲೆ ಸುಮಾರು 60ರಿಂದ 80ರಷ್ಟು ಒತ್ತಡ ಬಿದ್ದರೆ ಆ ಸಣ್ಣ ನಾಳಗಳು ಮುಚ್ಚಿಹೋಗುತ್ತವೆ. ಕಾಲಿನ ದೊಡ್ಡ ರಕ್ತನಾಳದಲ್ಲಿ ಒತ್ತಡ 120ರ ಹತ್ತಿರ ಇರುತ್ತದೆ, ಅದೂ ಆಳದಲ್ಲಿ. ಅಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ. ಬೇಕಾದರೆ ಜೋಮು ಹಿಡಿದಾಗ ಹೆಬ್ಬೆರಳಿನ ಉಗುರು ಒತ್ತಿ ಬಿಡಿ. ಬೆಳ್ಳಗಾದದ್ದು ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಕೆಂಪಾಗುತ್ತದೆ. ಪಾದಕ್ಕೆ ರಕ್ತ ಬರುತ್ತಿದೆ, ಸುದ್ದಿ ಮಾತ್ರ ಮೇಲೆ ಹೋಗುತ್ತಿಲ್ಲ.

ನರ ಅಂದರೆ ಒಂದೇ ಎಳೆಯಲ್ಲ, ಸಾವಿರಾರು ಎಳೆಗಳ ಕಟ್ಟು. ದಪ್ಪ ಎಳೆಗಳು ಸ್ಪರ್ಶದ ಸುದ್ದಿ ಒಯ್ಯುತ್ತವೆ, ಕಾಲು ಎಲ್ಲಿದೆ ಅನ್ನುವ ಸುದ್ದಿಯನ್ನೂ ಅವೇ ಒಯ್ಯುತ್ತವೆ. ಒತ್ತು ಬಿದ್ದರೆ ಅವು ಮೊದಲು ಸುಮ್ಮನಾಗುತ್ತವೆ. ನೋವು ಒಯ್ಯುವ ಸಣ್ಣ ಎಳೆಗಳು ಕೊನೆಯ ತನಕ ಉಳಿಯುತ್ತವೆ. ಅದಕ್ಕೇ ಪಾದ ಎಲ್ಲಿದೆ ಅಂತ ತಿಳಿಯದಿದ್ದರೂ ಬಲವಾಗಿ ಚಿವುಟಿದರೆ ನೋಯುತ್ತದೆ. ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ ಮತ್ತು ಜೊತೆಗಾರರು ತೋಳಿಗೆ ಬಿಪಿ ಪಟ್ಟಿ ಬಿಗಿದು ಇದನ್ನು ಪರೀಕ್ಷಿಸಿ 1931ರಲ್ಲಿ ಪ್ರಕಟಿಸಿದರು. ಮರಗಟ್ಟುವುದು ಬೆರಳ ತುದಿಯಲ್ಲಿ ಶುರುವಾಗಿ ಮೇಲಕ್ಕೆ ಏರುತ್ತದೆ ಅಂತ ಅವರು ತೋರಿಸಿದರು. ಇನ್ನು ಜುಮುಜುಮು ಇದೆಯಲ್ಲ, ಅದು ಒತ್ತು ಬಿಟ್ಟ ಮೇಲೆ ಬರುವುದು. ನರಕ್ಕೆ ರಕ್ತ ವಾಪಸ್ ಬಂದಾಗ ಎಳೆಗಳು ಸ್ವಲ್ಪ ಹೊತ್ತು ಹದ ತಪ್ಪಿ ತಾವಾಗಿಯೇ ಸಂಕೇತ ಕಳಿಸುತ್ತವೆ. ಮುಟ್ಟಿದವರು ಯಾರೂ ಇಲ್ಲ, ಮಿದುಳಿಗೆ ಮಾತ್ರ ಯಾರೋ ಚುಚ್ಚಿದ ಹಾಗೆ. ಹಿಂಸೆ ಅನ್ನಿಸಿದರೂ ಅದು ನರ ಎಚ್ಚರಾಗುತ್ತಿರುವ ಗುರುತು.

ನನಗೆ ನಿಜವಾಗಿ ಭಯ ಇರುವುದು ಜೋಮಿನ ಬಗ್ಗೆ ಅಲ್ಲ, ನೀವು ಏಳುವ ಆ ಕ್ಷಣದ ಬಗ್ಗೆ. ಮಂಡಿಯಿಂದ ಕೆಳಗೆ, ಕಾಲಿನ ಮುಂಭಾಗದಲ್ಲಿ ಮೂಳೆಯ ಪಕ್ಕಕ್ಕೆ ಒಂದು ಉದ್ದ ಮಾಂಸಖಂಡ ಇದೆ. ನಡೆಯುವಾಗ ಪ್ರತಿ ಹೆಜ್ಜೆಗೂ ಪಾದದ ತುದಿಯನ್ನು ಎತ್ತುವುದು ಅದೇ. ಅದಕ್ಕೆ ಅಪ್ಪಣೆ ಬರುವುದು ಇದೇ ನರದಿಂದ. ನರ ಮಲಗಿದ್ದರೆ ಪಾದ ಜೋಲುತ್ತದೆ, ಬೆರಳು ನೆಲಕ್ಕೆ ಉಜ್ಜುತ್ತದೆ, ಹೊಸ್ತಿಲು ಎಡವುತ್ತದೆ. ಪಾದ ಒಳಕ್ಕೆ ತಿರುಚಿದರೂ ಗೊತ್ತಾಗುವುದಿಲ್ಲ. ಜೋಮು ಹಿಡಿದ ಕಾಲಲ್ಲಿ ಪಾಚಿ ಕಟ್ಟಿದ ಮೆಟ್ಟಿಲು ಇಳಿದು ಹಿಮ್ಮಡಿಗಂಟು ಮುರಿದುಕೊಂಡರೆ ಆ ವರ್ಷದ ಕೊಯ್ಲು ಹೋದ ಹಾಗೇ. ಆದ್ದರಿಂದ ತಟ್ಟನೆ ಏಳಬೇಡಿ. ಕೂತಲ್ಲೇ ಕಾಲು ಚಾಚಿ, ಪಾದವನ್ನು ಮೇಲೆ ಕೆಳಗೆ ಆಡಿಸಿ. ಬೆರಳು ಹೇಳಿದ ಮಾತು ಕೇಳುತ್ತಿವೆ ಅಂತ ಖಾತ್ರಿ ಆದ ಮೇಲೆ ಕಂಬ ಹಿಡಿದು ಎದ್ದೇಳಿ.

ತಪ್ಪಿಸುವ ದಾರಿ ಸುಲಭ. ಸೊಂಟ ಮಂಡಿಗಿಂತ ಸ್ವಲ್ಪ ಮೇಲೆ ಬರುವಷ್ಟು ಎತ್ತರದ ಮಣೆ ಇಟ್ಟುಕೊಳ್ಳಿ. ಮಡಚಿದ ಮಂಡಿಯ ಹೊರಬದಿಗೆ ಗೋಣಿಚೀಲವನ್ನು ಎರಡು ಮೂರು ಮಡಿಕೆ ಮಾಡಿ ಹಾಕಿ. ಅರ್ಧ ಗಂಟೆಗೊಮ್ಮೆ ಎದ್ದು ಸಿಪ್ಪೆ ಹೊರಗೆ ಹಾಕಿ ಬನ್ನಿ. ಸುಲಿದಷ್ಟಕ್ಕೇ ಕೂಲಿ ಅನ್ನುವವರಿಗೆ ಇದು ಕಷ್ಟ ಅಂತ ಗೊತ್ತು. ಅಂಥವರನ್ನು ಕೆಲಸಕ್ಕೆ ಕರೆದ ಮನೆಯವರು ಒಂದು ಒಳ್ಳೆಯ ಮಣೆಯನ್ನಾದರೂ ಕೊಡಬೇಕು. ಯಾಕೆಂದರೆ ದಿನಗಟ್ಟಲೆ, ಗಂಟೆಗಟ್ಟಲೆ ಒತ್ತು ಬಿದ್ದರೆ ನರಕ್ಕೆ ಪೆಟ್ಟಾಗುತ್ತದೆ. ಕೂತು ಬೆಳೆ ಬಿಡಿಸುವ ಕೂಲಿಯವರಲ್ಲಿ ಪಾದ ಜೋತುಬಿದ್ದದ್ದನ್ನು ಬೇರೆ ದೇಶಗಳಲ್ಲೂ ವೈದ್ಯರು ದಾಖಲಿಸಿದ್ದಾರೆ. ಗಡಿಬಿಡಿಯಲ್ಲಿ ತೂಕ ಇಳಿಸಿಕೊಂಡವರಿಗೆ ಅಪಾಯ ಜಾಸ್ತಿ, ಆ ಜಾಗದಲ್ಲಿದ್ದ ಚೂರು ಕೊಬ್ಬೂ ಕರಗಿರುತ್ತದೆ. ಎಳೆಯ ಮೇಲಿನ ಹೊದಿಕೆ ಮಾತ್ರ ಕೆಟ್ಟಿದ್ದರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಎಳೆಯೇ ತುಂಡಾದರೆ ಅದು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು? ಜೋಮು ಬಿಟ್ಟ ಮೇಲೂ ಹಿಮ್ಮಡಿಯ ಮೇಲೆ ನಡೆಯಲು ಆಗದಿದ್ದರೆ, ಅಂದರೆ ಪಾದದ ತುದಿ ಎತ್ತಿ ನಿಲ್ಲದಿದ್ದರೆ, ಕಾಯಬೇಡಿ. ಕೂರದೆ, ಒತ್ತದೆ ಎರಡೂ ಪಾದದ ಬೆರಳು ಸದಾ ಮರಗಟ್ಟಿದ ಹಾಗಿದ್ದರೆ ಸಕ್ಕರೆ ಮತ್ತು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಸೊಂಟದಿಂದ ಪಾದದವರೆಗಿನ ಒಂದೊಂದು ಎಳೆಯೂ ಸುಮಾರು ಒಂದು ಮೀಟರ್ ಉದ್ದ, ಅದೂ ಒಂದೇ ಜೀವಕೋಶದ್ದು. ಸಕ್ಕರೆ ಕಾಯಿಲೆ ಮೊದಲು ಕೆಡಿಸುವುದು ಈ ಉದ್ದದ ಎಳೆಗಳನ್ನೇ. ಹೀಗಾದವರು ಚಳಿಗಾಲದಲ್ಲಿ ಬಚ್ಚಲ ಒಲೆಯ ಮುಂದೆ ಕಾಲು ಚಾಚಿ ಕೂರಲೇಬಾರದು, ಸುಟ್ಟರೂ ತಿಳಿಯುವುದಿಲ್ಲ. ಮೈಮೇಲೆ ಬಣ್ಣ ಮಾಸಿದ, ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ಕುಷ್ಠ ಇರಬಹುದು. ಮಂಡಿಯ ಪಕ್ಕದ ಇದೇ ನರ ಅದರಲ್ಲಿ ದಪ್ಪಗಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಪೂರ್ತಿ ಗುಣವಾಗುತ್ತದೆ, ಮುಚ್ಚಿಡಬೇಡಿ. ಬೆನ್ನುನೋವಿನ ಜೊತೆ ಎರಡೂ ಕಾಲು ಸೋತು ಮೂತ್ರ ಕಟ್ಟಿದರೆ, ಅಥವಾ ಮುಖ ಸೊಟ್ಟಗಾಗಿ ಒಂದೇ ಬದಿಯ ಕೈಕಾಲು ಬಿದ್ದುಹೋದರೆ ತಕ್ಷಣ 108ಕ್ಕೆ ಕರೆ ಮಾಡಿ. ತಾಲ್ಲೂಕು ಆಸ್ಪತ್ರೆಯವರು ಶಿವಮೊಗ್ಗದ ದೊಡ್ಡಾಸ್ಪತ್ರೆ ಮೆಗ್ಗಾನ್‌ಗೆ ಹೋಗಿ ಅಂದರೆ ನಾಳೆ ನೋಡೋಣ ಅನ್ನಬೇಡಿ.

ಕೊನೆಗೆ ಅತ್ತೆಯವರ ಟಾನಿಕ್. ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಬಂದರೆ ಬಿ12 ತಗೊಳ್ಳಲೇಬೇಕು. ಮಾಂಸ, ಮೊಟ್ಟೆ ತಿನ್ನದವರಲ್ಲಿ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಲ್ಲಿ ಕಡಿಮೆ ಇರುವ ಸಂಭವ ಜಾಸ್ತಿ. ಕಡಿಮೆ ಇಲ್ಲದಿದ್ದರೆ ಟಾನಿಕ್‌ನಿಂದ ಈ ಜೋಮು ಹೋಗುವುದಿಲ್ಲ, ಯಾಕೆಂದರೆ ಒತ್ತು ಬೀಳುತ್ತಿರುವುದು ನೆಲದಿಂದ. ನರದ ಮಾತ್ರೆ ಅಂತ ಮಾರುವ ಹಲವಲ್ಲಿ ಬಿ6 ಕೂಡ ಇರುತ್ತದೆ. ಅದನ್ನು ಜಾಸ್ತಿ ಪ್ರಮಾಣದಲ್ಲಿ ಬಹಳ ಕಾಲ ತಗೊಂಡರೆ ಆ ಬಿ6 ತಾನೇ ನರ ಕೆಡಿಸಿ ಕೈಕಾಲು ಮರಗಟ್ಟಿಸುತ್ತದೆ. ಅತ್ತೆಯವರಿಗೂ ಇದನ್ನು ಓದಿ ಹೇಳಿ. ಅವರೇ ಏನಾದರೂ ಟಾನಿಕ್ ತಗೊಳ್ಳುತ್ತಿದ್ದರೆ ಬಾಟಲಿ ಸಮೇತ ಡಾಕ್ಟರಿಗೆ ತೋರಿಸಲಿ.