ಕಿಸಾನ್ ಸಮ್ಮಾನದ ಹಣ ಯಾರ ಹೆಸರಿಗೆ?

“ಆಚೆ ಮನೆಯವರಿಗೆ ಕಂತು ಬಂತು, ನಮಗೆ ಯಾಕೆ ಬರಲಿಲ್ಲ ಮೇಡಂ?” ಕೇರಳದ ಪಂಚಾಯತು ಮಟ್ಟದ ಕೃಷಿ ಕಚೇರಿಯಾದ ಕೃಷಿ ಭವನದಲ್ಲಿ ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಕಾಸರಗೋಡಿನ ಪೈವಳಿಕೆಯಿರಲಿ, ಎಣ್ಮಕಜೆಯಿರಲಿ, ಉತ್ತರ ಹೆಚ್ಚಾಗಿ ಗ್ರಾಮ ಕಚೇರಿಯ ದಾಖಲೆಯಲ್ಲಿರುತ್ತದೆ.

ಕೃಷಿಕರ ಖಾತೆಗೆ ಕೇಂದ್ರ ಸರ್ಕಾರ ಹಣ ಹಾಕುವ ಪಿಎಂ ಕಿಸಾನ್ ಸಮ್ಮಾನ್ ಯೋಜನೆ 2019ರ ಫೆಬ್ರವರಿಯಲ್ಲಿ ಶುರುವಾದಾಗ ಎರಡು ಹೆಕ್ಟೇರಿನೊಳಗಿನ ಕೃಷಿಕರಿಗೆ ಮಾತ್ರ ಇತ್ತು. ಅದೇ ವರ್ಷದ ಜೂನ್‌ನಿಂದ ಆ ಮಿತಿ ಹೋಯಿತು. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ತೋಟದಲ್ಲಿ ಅಡಿಕೆ ಇದೆಯೋ ರಬ್ಬರ್ ಇದೆಯೋ, ಮದ್ದು ಬಿಟ್ಟಿರೋ ಇಲ್ಲವೋ, ಯಾರೂ ನೋಡುವುದಿಲ್ಲ. 2019ರ ಫೆಬ್ರವರಿ 1ರಂದು ಕೃಷಿಭೂಮಿ ಯಾರ ಹೆಸರಿನಲ್ಲಿತ್ತು ಎಂಬುದೇ ಮುಖ್ಯ.

ನಮ್ಮಲ್ಲಿ ತೊಡಕು ಇಲ್ಲಿಂದಲೇ. ಅಪ್ಪ ತೀರಿಹೋಗಿ ಎಷ್ಟೋ ಕಾಲವಾಗಿರುತ್ತದೆ, ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಪಾಲು ಮಾಡಿಕೊಂಡು ತೋಟ ನೋಡಿಕೊಳ್ಳುತ್ತಿರುತ್ತಾರೆ, ತೀರ್ವೆ (ಭೂಕಂದಾಯ) ಮಾತ್ರ ಅಪ್ಪನ ಹೆಸರಿನಲ್ಲೇ ಕಟ್ಟುತ್ತಾರೆ. ಅಳಿಯಸಂತಾನದ ಕೆಲವು ಮನೆಗಳಲ್ಲಿ ತಂಡಪ್ಪೇರು, ಅಂದರೆ ಗ್ರಾಮ ಕಚೇರಿಯ ಜಾಗದ ಖಾತೆ, ಇನ್ನೂ ಸೋದರಮಾವನದ್ದು. ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದು ಮಾಡುವ ಕಾನೂನು 1976ರಲ್ಲೇ ಜಾರಿಗೆ ಬಂದರೂ ಕಾಗದ ಹಾಗೆಯೇ ಉಳಿದಿದೆ. ಮರಣ ಸರ್ಟಿಫಿಕೇಟು, ವಾರಸುದಾರಿಕೆ ಸರ್ಟಿಫಿಕೇಟು ಕೊಟ್ಟು ಪೋಕುವರವು (ಖಾತೆ ಬದಲಾವಣೆ) ಮಾಡಿಸಿದರೆ ಈಗಲೂ ದಾರಿ ಇದೆ, ಏಕೆಂದರೆ ಒಡೆಯನ ಮರಣದಿಂದ ಬಂದ ಜಾಗಕ್ಕೆ ಆ ತಾರೀಖಿನ ಅಡ್ಡಿ ಇಲ್ಲ. ಆದರೆ ಆ ತಾರೀಖಿನ ನಂತರ ಕೊಂಡ ಜಾಗ, ಅಪ್ಪ ಬದುಕಿರುವಾಗಲೇ ಮಗನಿಗೆ ಬರೆದುಕೊಟ್ಟ ಜಾಗ ಇದರಲ್ಲಿ ಸೇರುವುದಿಲ್ಲ.

ಯೋಜನೆಯ ಲೆಕ್ಕದಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಪ್ರಾಯ ತುಂಬದ ಮಕ್ಕಳು. ಇಬ್ಬರ ಹೆಸರಿನಲ್ಲೂ ಜಾಗವಿದ್ದರೂ ಹಣ ಒಬ್ಬರಿಗೇ. ಗಂಡನ ಜಾಗ ಮಂಜೇಶ್ವರದಲ್ಲಿ, ಹೆಂಡತಿಯದ್ದು ಗಡಿ ದಾಟಿ ಬಂಟ್ವಾಳದಲ್ಲಿ ಇದ್ದರೂ ಅಷ್ಟೇ. ಕಳೆದ ವರ್ಷ ಆದಾಯ ತೆರಿಗೆ ಕಟ್ಟಿದವರು, ತಿಂಗಳಿಗೆ 10,000 ಅಥವಾ ಅದಕ್ಕಿಂತ ಹೆಚ್ಚು ಪಿಂಚಣಿ ಇರುವವರು, ವೃತ್ತಿ ನಡೆಸುವ ವೈದ್ಯರು, ವಕೀಲರು ಹೊರಗೆ. ಸರ್ಕಾರಿ ನೌಕರರಲ್ಲೂ ಪಿಂಚಣಿದಾರರಲ್ಲೂ ನಾಲ್ಕನೇ ದರ್ಜೆಯವರಿಗೆ ಮಾತ್ರ ವಿನಾಯಿತಿ. ಬ್ಯಾಂಕ್ ಸಾಲಕ್ಕೆಂದು ರಿಟರ್ನ್ ಸಲ್ಲಿಸಿ ತೆರಿಗೆ ಸೊನ್ನೆ ಬಂದಿದ್ದರೆ ಹೆದರಬೇಡಿ, ನಿಯಮ ಹೇಳುವುದು ತೆರಿಗೆ ಕಟ್ಟಿದವರ ಬಗ್ಗೆ. ಅರ್ಹತೆ ಇಲ್ಲದೆ ಪಡೆದವರಿಂದ ಹಣ ವಾಪಸು ಕೇಳುತ್ತಾರೆ. ಹಾಗೆ ನೋಟಿಸು ಬಂದಿದ್ದರೆ ಮುಚ್ಚಿಡದೆ ಕೃಷಿ ಭವನಕ್ಕೆ ತನ್ನಿ.

ಎಲ್ಲ ಸರಿ ಇದ್ದೂ ಕಂತು ಕಾಣದಿದ್ದರೆ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ದೃಢಪಡಿಸುವ ಕೆಲಸ, ಆಗಿದೆಯೋ ನೋಡಿ. ಹಣ ಹೋಗುವುದು ಆಧಾರ್ ಜೋಡಿಸಿದ ಖಾತೆಗೆ. ಹಳೇ ಪಾಸ್‌ಬುಕ್ಕಿನಲ್ಲಿ ಹುಡುಕಿ ಹಣ ಬಂದಿಲ್ಲ ಅನ್ನುವವರು ಬಹಳ ಮಂದಿ.

ನನ್ನ ಮನಸ್ಸಿಗೆ ಒಪ್ಪದ ಸಂಗತಿ ಬೇರೆಯೇ ಇದೆ. ಇನ್ನೊಬ್ಬರ ಗದ್ದೆಯಲ್ಲಿ ಭತ್ತ, ಬಾಳೆ, ಅಲಸಂಡೆ ಬೆಳೆಸುವವರಿಗೆ ಪಿಎಂ ಕಿಸಾನ್‌ನಲ್ಲಿ ಜಾಗವಿಲ್ಲ. ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಮುಗಿಯಿತು. ಉಳುವವನಿಗೆ ಭೂಮಿ ಕೊಟ್ಟ ದೊಡ್ಡ ಕಾನೂನು ಅದು. ಅದರ ನಂತರ ಜಾಗ ವಹಿಸಿಕೊಡುವವರು ಜಾಗ ಕೈತಪ್ಪೀತೆಂದು ಕಾಗದ ಮಾಡಲು ಹೆದರುತ್ತಾರೆ, ಎಲ್ಲ ಮಾತಿನ ಮೇಲೆಯೇ ನಡೆಯುತ್ತದೆ. ಹಾಗಾಗಿ ಕಂತು ಊರಲ್ಲಿಲ್ಲದ ಒಡೆಯರ ಖಾತೆಗೆ, ಮಳೆ ಹಾಳುಮಾಡಿದ ಬೆಳೆಯ ನಷ್ಟ ಗದ್ದೆಗಿಳಿದವರ ತಲೆಗೆ. ಇದು ಸರಿಯಲ್ಲ. ಒಡೆಯರನ್ನೂ ಬೆಳೆಸುವವರನ್ನೂ ಬೇರೆ ಬೇರೆಯಾಗಿ ಕಾಣಲು ಸರ್ಕಾರಕ್ಕೆ ಬರುತ್ತದೆ: ಕೇರಳವೇ 2020ರಲ್ಲಿ ಗದ್ದೆಯನ್ನು ಗದ್ದೆಯಾಗಿಯೇ ಉಳಿಸುವ ಒಡೆಯರಿಗೆ ಹೆಕ್ಟೇರಿಗೆ 2,000 ರೂಪಾಯಿಯ ರಾಯಲ್ಟಿ ಶುರು ಮಾಡಿತು, ಭತ್ತ ಬೆಳೆಸುವವರ ಸಹಾಯಧನ ಬೇರೆಯೇ ಇದೆ. ಕೃಷಿಕರಿಗೆ ನೆರವು ಕೊಡುವ ಒಡಿಶಾದ ಕಾಲಿಯಾ ಯೋಜನೆ, ಇನ್ನೊಬ್ಬರ ಜಾಗದಲ್ಲಿ ಪಾಲಿಗೆ ಬೆಳೆಸುವವರನ್ನೂ ಸೇರಿಸಿಕೊಂಡಿತ್ತು.

ಇದು ಸರಿಯಾಗುವವರೆಗೆ, ಜಾಗ ವಹಿಸಿಕೊಂಡು ಕೃಷಿ ಮಾಡುವವರು ಬೆಳೆ ಹಾಕಿದ ಕೂಡಲೇ ಕೃಷಿ ಭವನದಲ್ಲಿ ಹೆಸರು ಹೇಳಿ, ಬೆಳೆ ವಿಮೆಯನ್ನಾದರೂ ವಿಚಾರಿಸಿ. ಒಡೆಯರಿಂದ ಬರಹದ ಒಪ್ಪಿಗೆ ಸಿಕ್ಕಿದರೆ ನಮ್ಮ ಕೆಲಸ ಅರ್ಧ ಮುಗಿದ ಹಾಗೆ.