ಹನ್ನೆರಡು ತಂತಿ ಗಿಟಾರ್‌ಗೆ ಲೋಹದ ಪಿಕ್: ಒಂದು ಎಳೆತಕ್ಕೆ ಎರಡು ತಂತಿ

ಆರು ತಂತಿಯ ಗಿಟಾರನ್ನು ಬರಿ ಬೆರಳಲ್ಲಿ ನುಡಿಸಿ ಗೊತ್ತಿದ್ದು, ಈಗ ಹನ್ನೆರಡು ತಂತಿಯದ್ದನ್ನು ಕೈಗೆತ್ತಿಕೊಂಡು, ಬೆರಳಿಗೆ ಉಂಗುರದ ಹಾಗೆ ತೊಡುವ ಲೋಹದ ಪಿಕ್ ಹಾಕಿ ತಂತಿ ಮೀಟಲು ಹೊರಟವರಿಗೆ ಈ ಟಿಪ್ಪಣಿ. ಮಡಿಕೇರಿಯ ಮಳೆಗಾಲದ ಸಂಜೆಗಳಲ್ಲಿ ಕೂತು ಕಲಿತದ್ದು ಇದು.

ಹನ್ನೆರಡು ತಂತಿ ಅಂದರೂ ಲೆಕ್ಕ ಆರು ಜೋಡಿಯದ್ದೇ, ಮೇಲಿಂದ ಕೆಳಗೆ ಇ, ಎ, ಡಿ, ಜಿ, ಬಿ, ಇ. ಬಿ ಮತ್ತು ಕೊನೆಯ ಇ ಜೋಡಿಗಳಲ್ಲಿ ಎರಡೂ ತಂತಿ ಒಂದೇ ಸ್ವರ, ತಂಬೂರಿಯ ನಡುವಿನ ಎರಡು ತಂತಿಗಳ ಹಾಗೆ. ಉಳಿದ ನಾಲ್ಕು ಜೋಡಿಯಲ್ಲಿ ಒಂದು ದಪ್ಪ, ಇನ್ನೊಂದು ಅದಕ್ಕಿಂತ ಒಂದು ಸ್ಥಾಯಿ ಮೇಲಿರುವ ಸಣ್ಣ ತಂತಿ. ಸಾಮಾನ್ಯವಾಗಿ ಸಣ್ಣದು ಹೆಬ್ಬೆರಳಿನ ಕಡೆ ಇರುತ್ತದೆ.

ವಿಷಯ ಇರೋದು ಇಲ್ಲೇ. ಹೆಬ್ಬೆರಳು ಮೇಲಿಂದ ಕೆಳಗೆ ಬರುತ್ತದೆ, ಅದಕ್ಕೆ ಸಣ್ಣ ತಂತಿ ಮೊದಲು ಸಿಗುತ್ತದೆ. ತೋರುಬೆರಳು, ನಡುಬೆರಳು ಕೆಳಗಿಂದ ಮೇಲಕ್ಕೆ ಎಳೆಯುತ್ತವೆ, ಅವಕ್ಕೆ ದಪ್ಪದು ಮೊದಲು. ಬೆರಳು ಅಲ್ಲೇ ನಿಂತುಬಿಟ್ಟರೆ ಸಣ್ಣ ತಂತಿ ಮಿಡಿಯುವುದೇ ಇಲ್ಲ. ಬರಿ ಬೆರಳಿನ ಮೆತ್ತನೆ ತುದಿ ಎರಡಕ್ಕೂ ಒತ್ತಿಕೊಳ್ಳುತ್ತದೆ. ಲೋಹದ ಪಿಕ್ ಹಾಗಲ್ಲ. ದನಿ ದೊಡ್ಡದು, ಹೊಳಪು ಜಾಸ್ತಿ, ಆದರೆ ತುದಿ ಗಟ್ಟಿ. ಎರಡನ್ನೂ ದಾಟಿಸುವುದನ್ನು ಕೈಗೆ ಬೇರೆಯಾಗಿಯೇ ಕಲಿಸಬೇಕು.

ಪಿಕ್‌ನ ಎಲೆ, ಅಂದರೆ ತಂತಿಗೆ ತಾಗುವ ಚಪ್ಪಟೆ ಭಾಗ, ಉಗುರಿನ ಮೇಲೆ ಬರಬಾರದು, ಬೆರಳಿನ ಮೆತ್ತನೆ ಬದಿಗೆ ಬರಬೇಕು. ಅಂಗಡಿಯಿಂದ ತಂದ ಹಾಗೇ ಅದು ಸರಿಯಾಗಿ ಕೂರುವುದು ಅಪರೂಪ. ಸಣ್ಣ ಇಕ್ಕಳದಲ್ಲಿ ಬೆರಳನ್ನು ಸುತ್ತಿ ಹಿಡಿಯುವ ಎರಡು ರೆಕ್ಕೆಗಳನ್ನು ಸ್ವಲ್ಪ ಸ್ವಲ್ಪವೇ ಬಗ್ಗಿಸಿ. ಬೆರಳ ತುದಿ ಕೆಂಪಾಗಿ ಜೋಮು ಹಿಡಿದರೆ ಬಿಗಿ ಜಾಸ್ತಿಯಾಯಿತು, ಎಳೆದಾಗ ಪಿಕ್ ತಿರುಗಿದರೆ ಸಡಿಲ. ಆಮೇಲೆ ಎಲೆಯನ್ನು ಬೆರಳಿನ ಬಾಗಿಗೆ ತಕ್ಕಂತೆ ಒಳಕ್ಕೆ ಬಗ್ಗಿಸಿ, ತುದಿ ಎರಡು ಮೂರು ಮಿಲಿಮೀಟರ್ ಹೊರಗಿದ್ದರೆ ಸಾಕು. 0.018 ಇಂಚು ದಪ್ಪದ್ದು ಸುಲಭವಾಗಿ ಬಗ್ಗುತ್ತದೆ, 0.025 ಬಹಳ ಬಿರುಸು. ತೆಳುವಾದದ್ದರಲ್ಲೇ ಶುರು ಮಾಡಿ. ಹೆಬ್ಬೆರಳಿಗೆ ಮಾತ್ರ ಪ್ಲಾಸ್ಟಿಕ್ಕೇ ವಾಸಿ, ಅಲ್ಲೂ ಲೋಹ ಹಾಕಿದರೆ ಮಂದ್ರದ ತಂತಿಗಳು ಕಿವಿಗೆ ಚುಚ್ಚುತ್ತವೆ.

ಎಲೆ ತಂತಿಗೆ ನೇರವಾಗಿ ತಾಗಬೇಕು. ಓರೆಯಾದರೆ ಸುತ್ತು ಹಾಕಿದ ತಂತಿಯ ಮೇಲೆ ಕರ್ ಎಂದು ಕೆರೆಯುತ್ತದೆ. ಮಣಿಕಟ್ಟನ್ನು ತುಸು ಎತ್ತಿದರೆ ನನಗೆ ಅದು ನಿಂತಿತು.

ಇನ್ನು ಅಭ್ಯಾಸ. ಜಿ ಜೋಡಿ ಒಂದನ್ನೇ ಹಿಡಿಯಿರಿ. ಅದರ ಸಣ್ಣ ತಂತಿಯದ್ದೇ ಇಡೀ ಗಿಟಾರ್‌ನಲ್ಲಿ ಎಲ್ಲಕ್ಕಿಂತ ಮೇಲಿನ ಸ್ವರ, ಕೊನೆಯ ಇ ಕೂಡ ಅದಕ್ಕಿಂತ ಕೆಳಗೆ. ಮೊದಲು ಅದೊಂದನ್ನೇ ಮೀಟಿ ದನಿ ನೆನಪಿಟ್ಟುಕೊಳ್ಳಿ. ಆಮೇಲೆ ತೋರುಬೆರಳಲ್ಲಿ ಜೋಡಿಯನ್ನು ಎಳೆಯಿರಿ. ಆ ದನಿ ಕೇಳಿಸಿತಾ? ಇಲ್ಲದಿದ್ದರೆ ಬೆರಳು ಅರ್ಧದಲ್ಲೇ ನಿಂತಿದೆ. ಕಾಫಿ ಹಣ್ಣು ಕೊಯ್ಯುವವರ ಕೈ ನೋಡಿದ್ದೀರಲ್ವಾ? ತೋಳು ಎಳೆಯುವುದಿಲ್ಲ, ಬೆರಳು ಅಂಗೈ ಕಡೆಗೆ ಮಡಚುತ್ತದೆ, ಹಣ್ಣು ಬಿಡಿಸಿಕೊಂಡು ಬರುತ್ತದೆ. ನಮಗೆ ಬೇಕಾದ್ದೂ ಆ ಚಲನೆಯೇ. ಲಯ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ದಿನಾ ಹತ್ತು ನಿಮಿಷ ಇಷ್ಟೇ ಮಾಡಿದೆ. ಎರಡನೇ ವಾರದಲ್ಲಿ ಎರಡೂ ತಂತಿ ಒಟ್ಟಿಗೆ ಮೊಳಗಿದಾಗ ಆದ ಖುಷಿ ಹೇಳತೀರದು. ಅದಾದ ಮೇಲೇ ಹೆಬ್ಬೆರಳನ್ನು ಸೇರಿಸಿದ್ದು.

ಆ ಸಣ್ಣ ಜಿ ತಂತಿ 0.008 ಇಂಚಿನದ್ದು, ಬೇಗ ಹರಿಯುತ್ತದೆ. ಜೂನ್‌ನಲ್ಲಿ ಒಂದು ಸಂಜೆ ಶ್ರುತಿ ಏರಿಸುವಾಗ ಟಪ್ಪನೆ ಹೋಯಿತು. ಮೈಸೂರಿನಿಂದ ಹೊಸದು ತರಿಸುವವರೆಗೆ ಹನ್ನೊಂದು ತಂತಿಯಲ್ಲೇ ನುಡಿಸಿದೆ. ಹಾಗಾಗಿ ಇದನ್ನು ಬಿಡಿಯಾಗಿ ನಾಲ್ಕೈದು ತಂದಿಟ್ಟುಕೊಳ್ಳಿ. ಇಡೀ ಗಿಟಾರ್‌ನ ಶ್ರುತಿಯನ್ನು ಒಂದು ಸ್ವರ ಇಳಿಸಿ, ಅಂದರೆ ಎರಡೂ ಇ ಜೋಡಿಗಳು ಡಿ ಆಗುವಂತೆ, ಇಟ್ಟುಕೊಳ್ಳುವುದೂ ಒಳ್ಳೆಯದು. ಮೂಲ ಶ್ರುತಿ ಬೇಕಾದರೆ ಎರಡನೇ ಫ್ರೆಟ್‌ಗೆ ಕ್ಯಾಪೋ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್, ಹಾಕಿದರಾಯಿತು. ಹನ್ನೆರಡು ತಂತಿಯ ದೊಡ್ಡ ಹೆಸರಾದ ಅಮೆರಿಕದ ಗಾಯಕ ಲೆಡ್‌ಬೆಲ್ಲಿ ಇದಕ್ಕಿಂತಲೂ ಕೆಳಗೆ ಇಳಿಸಿಕೊಂಡು, ಬೆರಳಿಗೆ ಪಿಕ್ ಹಾಕಿ ನುಡಿಸುತ್ತಿದ್ದರು. ನಮ್ಮ ಮಳೆಗಾಲದ ತೇವಕ್ಕೆ ಮರ ಉಬ್ಬಿ ತಂತಿ ಫ್ರೆಟ್‌ನಿಂದ ಮೇಲೇಳುತ್ತದೆ, ಆಗ ಎಳೆತ ಕಡಿಮೆ ಇದ್ದಷ್ಟೂ ಎಡಗೈಗೆ ಸುಖ. ನುಡಿಸಿದ ಮೇಲೆ ತಂತಿಯನ್ನೂ ಪಿಕ್‌ಗಳನ್ನೂ ಒಣಬಟ್ಟೆಯಲ್ಲಿ ಒರೆಸಿ, ಕೇಸ್‌ನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಮಣಿಕಟ್ಟು ಅಥವಾ ಮುಂಗೈ ನೋಯಲು ಶುರುವಾದರೆ ಅವತ್ತಿಗೆ ನಿಲ್ಲಿಸಿ. ಅಮೆರಿಕದ ಗಿಟಾರ್ ವಾದಕ ಲಿಯೊ ಕೊಟ್ಕೆ ಪಿಕ್ ಹಾಕಿ ರಭಸವಾಗಿ ನುಡಿಸಿಯೇ ಹೆಸರಾದವರು. ಸ್ನಾಯುರಜ್ಜು ನೋವು ಬಂದು, 1980ರ ದಶಕದಲ್ಲಿ ಪಿಕ್ ಬಿಟ್ಟು ಬರಿ ಬೆರಳಿನಲ್ಲಿ ನುಡಿಸುವುದನ್ನು ಮತ್ತೆ ಕಲಿತರು.